ಸ್ವಿಮ್ಮಿಂಗ್ ಪೂಲಿಗೆ ಕ್ಲೋರಿನ್ ಎಷ್ಟ್ ಹಾಕ್ಬೇಕು? ಬೊಗಸಿ ಲೆಕ್ಕ ಬಿಟ್ಟು ಗ್ರಾಮಿನ ಲೆಕ್ಕ

ಹುಬ್ಬಳ್ಳಿ ರಂಗಪಂಚಮಿ ಗೊತ್ತಲ್ರಿ ನಿಮಗ, ಅವತ್ತ ಊರಿಗೆ ಊರೇ ಬಣ್ಣದಾಗ ಮುಳುಗಿರ್ತೈತಿ. ಈ ಸಲ ಓಣ್ಯಾಗ ಬಣ್ಣ ಆಡಿ ಮುಗಿಸಿ ನಮ್ಮ ಅಕ್ಕನ ಮಕ್ಕಳು, ಅವರ ಗೆಳ್ಯಾರು ಕೂಡಿ ಹತ್ತ-ಹನ್ನೆರಡು ಹುಡುಗ್ರು ಕಲಘಟಗಿ ರೋಡ್ ಕಡೆ ಇರೋ ಅವರ ತೋಟದ ಮನಿಗೆ ಹೋಗಿ ಮೈಮ್ಯಾಲಿನ ಬಣ್ಣ ಸೈತ ತೊಳಕೊಳ್ಳದ ಸೀದಾ ಪೂಲಿಗೆ ಜಿಗದ್ರು. ಮರುದಿನ ಮುಂಜಾನಿ ಅಕ್ಕನ ಫೋನ್ ಬಂತು. "ತಮ್ಮಾ, ಹುಡುಗ್ರ ಕಣ್ಣು ಕೆಂಪಗಾಗಿ ಉರ್ಯಾಕತ್ತಾವು, ನೀರಿನ ಹತ್ರ ನಿಂತ್ರ ಕ್ಲೋರಿನ್ ವಾಸನಿ ಮೂಗಿಗೆ ಹೊಡ್ಯಾಕತ್ತೈತಿ, ಕಾಕಾ ಪುಡಿ ಜಾಸ್ತಿ ಹಾಕ್ಯಾರ ಅನಸ್ತೈತಿ, ಎರಡ್ ದಿನ ಏನೂ ಹಾಕಬ್ಯಾಡ್ರಿ ಅಂತ ಹೇಳೀನಿ" ಅಂದ್ಲು. ತೋಟ ನೋಡ್ಕೊಳ್ಳೋ ಕಾಕಾನೂ ಹೂಂ ಅಂದು ಬಿಟ್ಟಿದ್ರು. ಮೂರನೇ ದಿನಕ್ಕ ನೀರು ಹಸರಗ ಆತು, ಮೆಟ್ಟಲು ಮ್ಯಾಲ ಪಾಚಿ ಕೈಗೆ ಜಾರಾಕತ್ತು.

ಅಂದ್ರ ಕ್ಲೋರಿನ್ ಜಾಸ್ತಿ ಆಗಿರಲೇ ಇಲ್ಲ, ಕಡಿಮಿ ಆಗಿತ್ತು. ವಾಸನಿ ಬಂತು ಅಂದ್ರ ಜಾಸ್ತಿ ಆಗೈತಿ ಅಂತ ತಿಳ್ಕೊಳ್ಳೋದು ಭಾಳ ಮನ್ಯಾಗ ನಡ್ಯೋ ತಪ್ಪು, ಅದಕ್ಕ ಈ ಲೇಖನ ಬರಿಯಾಕ ಕುಂತೀನಿ. ಈಗ ಹುಬ್ಬಳ್ಳಿ-ಧಾರವಾಡದ ಸುತ್ತ ತೋಟದ ಮನಿ ಕಟ್ಟಿಸೋರು ಒಂದ್ ಸಣ್ಣ ಪೂಲೂ ಕಟ್ಟಿಸ್ತಾರ, ಅದ್ರ ಜೊತಿಗೆ ಕೇರಳದಾಗ 2024 ಮತ್ತ 2025ರಾಗ ಮೆದುಳಿಗೆ ಹೋಗೋ ಅಮೀಬಾ ಸೋಂಕಿನ ಸುದ್ದಿ ಮ್ಯಾಲಿಂದ ಮ್ಯಾಲ ಬಂದು ಎಲ್ಲರಿಗೂ ಹೆದರಿಕಿ ಆಗೈತಿ. 2025ರ ನವೆಂಬರ್‌ನ್ಯಾಗ ಶಬರಿಮಲೈಗೆ ಹೋಗೋ ಮಾಲಾಧಾರಿಗಳಿಗೆ ಮೂಗಿನ್ಯಾಗ ನೀರು ಹೋಗದಂಗ ನೋಡ್ಕೋರಿ ಅಂತ ನಮ್ಮ ರಾಜ್ಯದ ಆರೋಗ್ಯ ಇಲಾಖೆನೂ ಹೇಳಿತ್ತು. ಆ ಅಮೀಬಾ ಕುಡಿಯೋದ್ರಿಂದ ಬರೂದಿಲ್ಲ, ಮೂಗಿನ ಹಾದಿಯಿಂದ ಹೋಗ್ತೈತಿ, ಬೆಚ್ಚಗಿನ ನಿಂತ ನೀರು ಅಂದ್ರ ಅದಕ್ಕ ಇಷ್ಟ. ಕ್ಲೋರಿನ್ ಸರಿಯಾಗಿ ಇರೋ ಪೂಲಿನ್ಯಾಗ ಅದು ಬೆಳಿಯೂದಿಲ್ಲ. ಆ "ಸರಿಯಾಗಿ" ಅನ್ನೋದನ್ನ ಅಳಿಯೋದು ಹೆಂಗ ಅನ್ನೋದೇ ವಿಷಯ.

ಕ್ಲೋರಿನ್ ಮಾಡೋ ಕೆಲಸ ಏನು

ಪೂಲಿನ ನೀರು ನಮ್ಮ ಮನಿ ನಳದ ನೀರಿನಂಗ ಬಂದು ಹೋಗೋ ನೀರಲ್ಲ, ಅದೇ ನೀರು ತಿಂಗಳಗಟ್ಟಲೆ ಅಲ್ಲೇ ಇರ್ತೈತಿ. ಫಿಲ್ಟರ್ ಮಣ್ಣು, ಎಲಿ, ಕೂದಲ ಹಿಡಿತೈತಿ ಖರೆ, ಆದ್ರ ರೋಗದ ಕ್ರಿಮಿ ಫಿಲ್ಟರಿಗೆ ಪೂರಾ ಸಿಗೂದಿಲ್ಲ. ಅವನ್ನ ಕೊಲ್ಲೋದು ಕ್ಲೋರಿನ್ ಕೆಲಸ. ನಾವು ಬ್ಲೀಚಿಂಗ್ ಪೌಡರ್ ಹಾಕ್ರಿ, ಮಾತ್ರಿ ಹಾಕ್ರಿ, ಲಿಕ್ವಿಡ್ ಹಾಕ್ರಿ, ನೀರಿಗೆ ಬಿದ್ದ ಮ್ಯಾಲ ಎಲ್ಲಾದ್ರಿಂದಲೂ ಹುಟ್ಟೋ ವಸ್ತು ಒಂದೇ, ಹೈಪೋಕ್ಲೋರಸ್ ಆಸಿಡ್ ಅಂತ. ಅದು ಕ್ರಿಮಿಯ ಮೈ ಒಡದು ಒಳಗ ಹೊಕ್ಕು ಕೆಲಸ ಮುಗಸ್ತೈತಿ.

ಎಲ್ಲಾ ಕ್ರಿಮಿ ಒಂದೇ ವೇಗದಾಗ ಸಾಯೂದಿಲ್ಲ ಅನ್ನೋದು ಇಲ್ಲಿ ಮುಖ್ಯ. ನೀರು 25 ಡಿಗ್ರಿ ಇದ್ದು, ಕ್ಲೋರಿನ್ 1 ಪಿಪಿಎಂ ಇದ್ರ (ಪಿಪಿಎಂ ಅಂದ್ರೇನು ಮುಂದ ಹೇಳ್ತೀನಿ) ಹೊಟ್ಟಿ ಕೆಡಿಸೋ ಇ-ಕೋಲೈ ಒಂದ್ ನಿಮಿಷದ ಒಳಗ ಸಾಯ್ತೈತಿ. ಕಾಮಾಲಿ ತರೋ ಹೆಪಟೈಟಿಸ್-ಎ ವೈರಸ್ಸಿಗೆ ಸುಮಾರು 16 ನಿಮಿಷ ಬೇಕು. ಜಿಯಾರ್ಡಿಯಾ ಅನ್ನೋ ಭೇದಿ ತರೋ ಕ್ರಿಮಿಗೆ 45 ನಿಮಿಷ. ಭೇದಿ ತರೋದೇ ಇನ್ನೊಂದ್ ಕ್ರಿಮಿ ಕ್ರಿಪ್ಟೋಸ್ಪೊರಿಡಿಯಂ ಅಂತ ಐತಿ, ಅದು ಹತ್ತ ದಿನದ ಮ್ಯಾಲ ತಡೀತೈತಿ! ಹಿಂಗಾಗಿ ಭೇದಿ ಆಗಾಕತ್ತಿರೋ ಮಗುನ್ನ ಪೂಲಿಗೆ ಇಳಸಲೇಬಾರ್ದು, ಎಷ್ಟ್ ಕ್ಲೋರಿನ್ ಇದ್ರೂ ಅಷ್ಟೇ.

ಕ್ಲೋರಿನ್ ಒಮ್ಮೆ ಹಾಕಿ ಬಿಡೋ ಔಷಧ ಅಲ್ಲ. ಅದು ದಿನಾ ಖರ್ಚ ಆಗ್ತೈತಿ, ದಿನಾ ತುಂಬಬೇಕು.

ಪಿಪಿಎಂ ಅಂದ್ರ ಏನ್ರಿ

ಹತ್ತು ಲಕ್ಷದಾಗ ಒಂದು ಪಾಲು, ಅಷ್ಟೇ. ಆದ್ರ ಹಂಗಂದ್ರ ಯಾರಿಗೂ ಕಣ್ಮುಂದ ಬರೂದಿಲ್ಲ. ನಿಮ್ಮ ಮಾಳಿಗಿ ಮ್ಯಾಲ 1000 ಲೀಟರಿನ ಕರೆ ಟ್ಯಾಂಕ್ ಇರ್ತೈತಲ್ಲ, ಅದು ತುಂಬಿದಾಗ ಒಂದೇ ಒಂದ್ ಗ್ರಾಂ ಉಪ್ಪು, ಅಂದ್ರ ಎರಡ್ಮೂರು ಚಿಟಿಕಿ ಉಪ್ಪು ಹಾಕಿ ಕಲಸಿದ್ರ ಆ ನೀರಿನ್ಯಾಗ ಉಪ್ಪು 1 ಪಿಪಿಎಂ ಐತಿ ಅಂತ ಅರ್ಥ. ಒಂದ್ ಲೀಟರಿಗೆ ಒಂದ್ ಮಿಲಿಗ್ರಾಂ ಅಂದ್ರೂ ಅದೇ.

ಇದೊಂದ್ ತಲ್ಯಾಗ ಕುಂತ್ರ ಉಳಿದದ್ದೆಲ್ಲ ಗುಣಾಕಾರ ಭಾಗಾಕಾರ. ಸಾವಿರ ಲೀಟರಿಗೆ ಒಂದ್ ಗ್ರಾಂ ಶುದ್ಧ ಕ್ಲೋರಿನ್ ಹಾಕಿದ್ರ 1 ಪಿಪಿಎಂ ಏರ್ತೈತಿ.

ಮನಿ ಪೂಲಿನ್ಯಾಗ ಫ್ರೀ ಕ್ಲೋರಿನ್ (ಹೊಲಸಿಗೆ ಸಿಕ್ಕೊಳ್ಳದ, ಕ್ರಿಮಿ ಕೊಲ್ಲಾಕ ಖಾಲಿ ಇರೋ ಕ್ಲೋರಿನ್) ಯಾವಾಗ ಅಳದ್ರೂ 1 ಪಿಪಿಎಂಗಿಂತ ಕೆಳಗ ಇಳಿಬಾರ್ದು, ಸ್ಟೆಬಿಲೈಸರ್ (ಬಿಸಲಿಗೆ ಕ್ಲೋರಿನ್ ಹಾರದಂಗ ತಡಿಯೋ ಪುಡಿ) ಹಾಕಿದ ಪೂಲ್ ಆದ್ರ 2ಕ್ಕಿಂತ ಕೆಳಗ ಇಳಿಬಾರ್ದು, 4ರ ಮ್ಯಾಲ ಇದ್ದಾಗ ಯಾರೂ ಇಳಿಯೋದು ಬ್ಯಾಡ. ಸಾಮಾನ್ಯವಾಗಿ 2ರಿಂದ 3ರ ನಡುವ ಹಿಡಕೊಂಡು ಹೋದ್ರ ಚಲೋ.

ನಿಮ್ಮ ಪೂಲಿನ್ಯಾಗ ನೀರು ಎಷ್ಟ್ ಲೀಟರ್

ಭಾಳ ಮಂದಿಗೆ ಇದೇ ಗೊತ್ತಿರೂದಿಲ್ಲ, ಕಟ್ಟಿದ ಕಾಂಟ್ರ್ಯಾಕ್ಟರ್ ಏನೋ ಒಂದ್ ಅಂಕಿ ಹೇಳಿ ಹೋಗಿರ್ತಾರ. ನೀವೇ ಅಳೀರಿ. ಉದ್ದ, ಅಗಲ, ಸರಾಸರಿ ಆಳ, ಮೂರನ್ನೂ ಫೂಟಿನ್ಯಾಗ ಗುಣಿಸಿದ್ರ ಘನ ಫೂಟ್ ಬರ್ತೈತಿ, ಅದನ್ನ 28.3ರಿಂದ ಗುಣಿಸಿದ್ರ ಲೀಟರ್. ಅಕ್ಕನ ಪೂಲ್ 24 ಫೂಟ್ ಉದ್ದ, 12 ಫೂಟ್ ಅಗಲ, ಒಂದ್ ಕಡೆ 3 ಫೂಟ್ ಆಳ, ಇನ್ನೊಂದ್ ಕಡೆ 5 ಫೂಟ್. ತಳ ಒಂದೇ ಸಮ ಇಳಜಾರ ಇದ್ದದ್ದಕ್ಕ ಸರಾಸರಿ 4. ಅಂದ್ರ 24 × 12 × 4 = 1152, ಅದಕ್ಕ 28.3 ಹಾಕಿದ್ರ ಸುಮಾರು 32,600 ಲೀಟರ್. ಮೊದಲ ಸಲ ತುಂಬಿಸಿದಾಗ 5000 ಲೀಟರಿನ ಟ್ಯಾಂಕರ್ ಆರೂವರೆ ಹಿಡದಿತ್ತು ಅಂತ ಕಾಕಾ ನೆನಪು ಮಾಡ್ಕೊಂಡು ಹೇಳಿದ್ರು, ಲೆಕ್ಕ ಕೂಡ್ತು ನೋಡ್ರಿ. ಟ್ಯಾಂಕರ್ ಎಣಿಸಿ ಇಟ್ಕೊಂಡವರಿಗೆ ಟೇಪ್ ಹಿಡ್ಯೋ ಕೆಲಸನೂ ಇಲ್ಲ.

ದುಂಡ ಪೂಲ್ ಇದ್ರ ಅಡ್ಡಳತಿಯನ್ನ ಅದರಿಂದಲೇ ಗುಣಿಸಿ, ಆಳದಿಂದ ಗುಣಿಸಿ, 0.785ರಿಂದ ಗುಣಿಸಿ, ಆಮ್ಯಾಲ 28.3. ಹದಿನೈದು ಫೂಟ್ ಅಡ್ಡಳತಿ, 4 ಫೂಟ್ ನೀರು ಇದ್ರ ಹತ್ತಹತ್ರ 20,000 ಲೀಟರ್. ಆಳ ಅಳಿಯುವಾಗ ಮಾತ್ರ ನೀರು ನಿಂತ ಮಟ್ಟದಿಂದ ತಳದ ತನಕ ಅಳೀರಿ, ಮ್ಯಾಲಿನ ಅಂಚಿನಿಂದ ಅಲ್ಲ. ಅರ್ಧ ಫೂಟ್ ತಪ್ಪಿದ್ರ ಅಕ್ಕನ ಪೂಲಿನ್ಯಾಗ 4000 ಲೀಟರ್ ತಪ್ಪತೈತಿ.

ಡಬ್ಬಿ ಮ್ಯಾಲಿನ ಪರ್ಸೆಂಟ್

ಅಂಗಡ್ಯಾಗ ಶುದ್ಧ ಕ್ಲೋರಿನ್ ಸಿಗೂದಿಲ್ಲ, ಸಿಕ್ರ ಅದು ಸಿಲಿಂಡರಿನ್ಯಾಗಿನ ವಿಷಗಾಳಿ. ನಮಗ ಸಿಗೋದು ಕ್ಲೋರಿನ್ನನ್ನ ಬ್ಯಾರೆ ಏನರ ಜೊತಿ ಕಟ್ಟಿ ಹಾಕಿದ ಪುಡಿ, ಮಾತ್ರಿ, ಇಲ್ಲಾಂದ್ರ ನೀರು. ಪ್ರತಿಯೊಂದ್ರಾಗೂ ಕೆಲಸಕ್ಕ ಬರೋ ಕ್ಲೋರಿನ್ ಎಷ್ಟೈತಿ ಅನ್ನೋದು ಬ್ಯಾರೆ ಬ್ಯಾರೆ, ಅದನ್ನ ಡಬ್ಬಿ ಮ್ಯಾಲ ಪರ್ಸೆಂಟಿನ್ಯಾಗ ಬರ್ದಿರ್ತಾರ. ಹಾಲಿನ ಕೆನಿ ಇದ್ದಂಗ, ಎಮ್ಮಿ ಹಾಲೂ ಹಾಲೇ, ಆಕಳ ಹಾಲೂ ಹಾಲೇ, ಆದ್ರ ಬೆಣ್ಣಿ ಒಂದೇ ಅಷ್ಟು ಬರೂದಿಲ್ಲ.

ಬ್ಲೀಚಿಂಗ್ ಪೌಡರ್ ಸುಮಾರು 30ರಿಂದ 35 ಪರ್ಸೆಂಟ್, ಅಗ್ಗ, ಎಲ್ಲಾ ಕಡೆ ಸಿಗ್ತೈತಿ, ಆದ್ರ ಉಳಿದದ್ದು ಬರೇ ಸುಣ್ಣ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು 65-70 ಪರ್ಸೆಂಟ್. ಟಿಸಿಸಿಎ ಅಂತ ದಪ್ಪ ಬಿಳೇ ಮಾತ್ರಿ, 90 ಪರ್ಸೆಂಟ್, ನಿಧಾನಕ ಕರಗ್ತೈತಿ. ಎಸ್‌ಡಿಐಸಿ ಹರಳು 56-60 ಪರ್ಸೆಂಟ್, ಲಗೂನ ಕರಗ್ತೈತಿ. ಲಿಕ್ವಿಡ್ ಕ್ಲೋರಿನ್ ಅಂತ ಕ್ಯಾನಿನ್ಯಾಗ ಬರೋದು ಸೋಡಿಯಂ ಹೈಪೋಕ್ಲೋರೈಟ್, ಹೊಸಾದ್ ಇದ್ದಾಗ 10-12 ಪರ್ಸೆಂಟ್.

"ಹೊಸಾದ್ ಇದ್ದಾಗ" ಅನ್ನೋ ಮಾತು ಗಟ್ಟಿಯಾಗಿ ಹಿಡ್ಕೋರಿ. ಗದಗ ಕಡೆ ಏಪ್ರಿಲ್-ಮೇ ಬಿಸಲು ನಿಮಗ ಗೊತ್ತೈತಿ, ಆ ಬಿಸಲಾಗ ತಗಡಿನ ಶೆಡ್ಡಿನ್ಯಾಗ ಇಟ್ಟ ಲಿಕ್ವಿಡ್ ಕ್ಯಾನ್ ಕೆಲವೇ ವಾರದಾಗ ಭಾಳಷ್ಟು ಶಕ್ತಿ ಕಳಕೊಂತೈತಿ, ನೋಡಾಕ ಮಾತ್ರ ಹಂಗೇ ಇರ್ತೈತಿ. ಬ್ಲೀಚಿಂಗ್ ಪೌಡರಿಗೆ ಮಳಿಗಾಲದ ಹಸಿನೇ ವೈರಿ, ಚೀಲ ಬಾಯಿ ಬಿಟ್ಟು ಇಟ್ರ ಗಂಟು ಕಟ್ಟಿ ಒದ್ದಿ ಆಗಿ ಸುಣ್ಣ ಅಷ್ಟೇ ಉಳೀತೈತಿ.

ಲಿಕ್ವಿಡ್ ಎಷ್ಟ್ ಗಟ್ಟಿ ಉಳದೈತಿ ಅಂತ ಮನ್ಯಾಗ ನೋಡೋ ಒಂದ್ ಉಪಾಯ ಐತಿ, ನನಗ ಭಾಳ ಉಪಯೋಗ ಬಿದ್ದೈತಿ. ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜ್ ತೊಗೊಂಡು ಒಂದ್ ಲೀಟರ್ ಆರ್‌ಓ ನೀರಿಗೆ ಕ್ಯಾನಿನ ಲಿಕ್ವಿಡ್ 10 ಎಂಎಲ್ ಹಾಕಿ ಕಲಸ್ರಿ. ಈ ಕಲಸಿದ ನೀರಿನ್ಯಾಗಿಂದ 2 ಎಂಎಲ್ ತಗದು ಇನ್ನೊಂದ್ ಲೀಟರ್ ಆರ್‌ಓ ನೀರಿಗೆ ಹಾಕಿ ಕಲಸಿ ಟೆಸ್ಟ್ ಕಿಟ್‌ನ್ಯಾಗ ನೋಡ್ರಿ. 2 ಪಿಪಿಎಂ ತೋರಿಸಿದ್ರ ಲಿಕ್ವಿಡ್ 10 ಪರ್ಸೆಂಟ್, 1 ತೋರಿಸಿದ್ರ 5 ಪರ್ಸೆಂಟ್. ಅಷ್ಟು ಸರಳ.

ಈಗ ಲೆಕ್ಕ

ಬೇಕಾದ ಅಂಕಿ ನಾಕೇ. ಲೀಟರ್ ಎಷ್ಟು, ಈಗ ಕ್ಲೋರಿನ್ ಎಷ್ಟೈತಿ, ಎಷ್ಟಕ್ಕ ಏರಿಸ್ಬೇಕು, ಡಬ್ಬಿ ಪರ್ಸೆಂಟ್ ಎಷ್ಟು.

ಅಕ್ಕನ ಪೂಲಿನ್ಯಾಗ ಒಂದ್ ಸಾಮಾನ್ಯ ದಿನ ಸಂಜಿಗೆ 0.5 ಪಿಪಿಎಂ ಐತಿ, 2.5ಕ್ಕ ಏರಿಸ್ಬೇಕು ಅನ್ರಿ. ಏರಿಸಬೇಕಾದ್ದು 2. ಸಾವಿರ ಲೀಟರಿಗೆ 2 ಗ್ರಾಂ ಅಂದ್ರ 32.6 × 2, ಹತ್ತಹತ್ರ 65 ಗ್ರಾಂ ಶುದ್ಧ ಕ್ಲೋರಿನ್. ಇದನ್ನ 100ರಿಂದ ಗುಣಿಸಿ ಡಬ್ಬಿ ಪರ್ಸೆಂಟಿನಿಂದ ಭಾಗಿಸ್ರಿ. 30 ಪರ್ಸೆಂಟ್ ಬ್ಲೀಚಿಂಗ್ ಪೌಡರ್ ಆದ್ರ ಸುಮಾರು 217 ಗ್ರಾಂ. 65ರ ಹರಳು ಆದ್ರ 100 ಗ್ರಾಂ. 90ರ ಟಿಸಿಸಿಎ ಆದ್ರ 72 ಗ್ರಾಂ. 10 ಪರ್ಸೆಂಟ್ ಲಿಕ್ವಿಡ್ ಆದ್ರ 650 ಎಂಎಲ್, ಅದೇ ಲಿಕ್ವಿಡ್ ಹಳೇದಾಗಿ 5ಕ್ಕ ಬಂದಿದ್ರ 1300 ಎಂಎಲ್. ಒಂದೇ ಪೂಲು, ಒಂದೇ ದಿನ, ಆದ್ರ 72 ಗ್ರಾಮಿಂದ ಒಂದೂ ಕಾಲ್ ಲೀಟರಿನ ಮ್ಯಾಲ ತನಕ ಫರಕ್ ಬರ್ತೈತಿ. ಅದಕ್ಕೇ ಬಾಜು ತೋಟದವರು ಎಷ್ಟ್ ಹಾಕ್ತಾರ ಅಂತ ಕೇಳಿ ಹಾಕಿದ್ರ ನಮ್ಮ ನೀರಿಗೆ ಅದು ಕೂಡೂದಿಲ್ಲ.

ಕಾಕಾ ದಿನಾ ಹಾಕ್ತಿದ್ದದ್ದು "ಒಂದ್ ಬೊಗಸಿ". ಅವರ ಕೈಗೆ ರಬ್ಬರ್ ಗ್ಲೌಸ್ ಹಾಕಿಸಿ ಅದೇ ಬೊಗಸಿ ಮೂರು ಸಲ ತೂಕ ಮಾಡಿದ್ವಿ. ಒಮ್ಮೆ 140 ಗ್ರಾಂ, ಒಮ್ಮೆ 205, ಒಮ್ಮೆ 170. ಕಾಕಾ ತಕ್ಕಡಿ ಕಡೆ ಭಾಳೊತ್ತು ನೋಡಿ, "ಅಲ್ಲೋ ತಮ್ಮಾ, ನಾ ಅಷ್ಟೇ ಹಾಕೇನಿ ಅನ್ಕೊಂಡಿದ್ನೆಲ್ಲ" ಅಂದ್ರು. ಅವರ ಕೈದು ತಪ್ಪಲ್ಲ, ಪುಡಿ ಒತ್ತಿದ್ರ ಜಾಸ್ತಿ ಕೂಡ್ತೈತಿ, ಸಡಲ ಇದ್ರ ಕಡಿಮಿ. ಚಮಚ, ವಾಟಿ, ಚಹಾದ ಕಪ್ಪು ಎಲ್ಲಾದ್ರದೂ ಇದೇ ಹಣೆಬರಹ. ಮುನ್ನೂರು-ನಾಕನೂರು ರೂಪಾಯಿಗೆ ಸಿಗೋ ಅಡಿಗಿಮನಿ ಡಿಜಿಟಲ್ ತಕ್ಕಡಿ ಒಂದ್ ತಂದು ಪೂಲಿಗಂತನ ಬ್ಯಾರೆ ಇಟ್ಬಿಡ್ರಿ, ಅದನ್ನ ಮತ್ತ ಅಡಿಗಿಗೆ ಬಳಸಬ್ಯಾಡ್ರಿ.

ವಾಸನಿ ಬರೋದು ಯಾಕ? ಫ್ರೀ, ಕಂಬೈನ್ಡ್, ಟೋಟಲ್

ಹೊಲದಾಗ ಕಸ ತಗ್ಯಾಕ ಹತ್ತ ಆಳು ಕರಕೊಂಡ ಬಂದ್ರಿ ಅನ್ರಿ. ಅದ್ರಾಗ ನಾಕ ಮಂದಿ ಒಂದೊಂದ್ ದೊಡ್ಡ ಬೇರು ಹಿಡ್ಕೊಂಡು ಅಲ್ಲೇ ಜಗ್ಗಾಡ್ಕೋತ ಕುಂತಾರ. ಹೊಲದಾಗ ಮಂದಿ ಹತ್ತೇ, ಆದ್ರ ಹೊಸ ಕಸ ತಗ್ಯಾಕ ಕೈ ಖಾಲಿ ಇರೋರು ಆರೇ. ಖಾಲಿ ಕೈಯವರು ಫ್ರೀ ಕ್ಲೋರಿನ್, ಬೇರಿಗೆ ಸಿಕ್ಕೊಂಡವರು ಕಂಬೈನ್ಡ್ ಕ್ಲೋರಿನ್, ಎಲ್ಲಾ ಕೂಡಿ ಟೋಟಲ್ ಕ್ಲೋರಿನ್.

ಆ ಬೇರು ಅಂದ್ರ ಬೆವರು, ಉಚ್ಚಿ, ಮೈಗೆ ಹಚ್ಚಿದ ಕ್ರೀಮು. ಅವುಗಳಾಗಿನ ಅಮೋನಿಯಾ, ಯೂರಿಯಾ ಥರದ್ದಕ್ಕ ಕ್ಲೋರಿನ್ ಅಂಟ್ಕೊಂಡ್ರ ಕ್ಲೋರಮೈನ್ ಅನ್ನೋದು ಹುಟ್ತೈತಿ. ಮೂಗಿಗೆ ಹೊಡ್ಯೋ ವಾಸನಿ ಅದ್ರದು, ಕಣ್ಣು ಉರಿಸೋದೂ ಅದೇ. ಸ್ವಚ್ಛ ಇರೋ ಪೂಲಿನ್ಯಾಗ ಫ್ರೀ ಕ್ಲೋರಿನ್ 2-3 ಇದ್ರೂ ವಾಸನಿ ಅಷ್ಟಾಗಿ ಬರೂದಿಲ್ಲ. ಹಿಂಗಾಗಿ ವಾಸನಿ ಜೋರಾತು ಅಂದ್ರ ನೀರಿನ್ಯಾಗ ಹೊಲಸು ಕ್ಲೋರಿನ್ನಿಗಿಂತ ಜಾಸ್ತಿ ಆಗೈತಿ ಅಂತ ತಿಳೀರಿ. ರಂಗಪಂಚಮಿ ದಿನ ಆಗಿದ್ದೂ ಅದೇ. ಹನ್ನೆರಡು ಹುಡುಗ್ರ ಬೆವರು, ಬಣ್ಣ, ತಲಿಗೆ ಹಚ್ಚಿದ ಕೊಬ್ಬರಿ ಎಣ್ಣಿ, ಇಷ್ಟೂ ಒಂದೇ ಮಧ್ಯಾಹ್ನ ನೀರಿಗೆ ಬಿತ್ತು, ಇದ್ದ ಕ್ಲೋರಿನ್ ಎಲ್ಲಾ ಅದಕ್ಕೇ ಸಿಕ್ಕೊಂಡ್ತು, ಆಮ್ಯಾಲ ನಾವು ಹಾಕೋದೂ ನಿಲ್ಲಿಸಿದ್ವಿ.

ಟೋಟಲ್‌ನ್ಯಾಗ ಫ್ರೀ ಕಳದ್ರ ಕಂಬೈನ್ಡ್ ಬರ್ತೈತಿ. ಅದು 0.4 ಪಿಪಿಎಂಗಿಂತ ಕೆಳಗ ಇರ್ಬೇಕು. ಏರಿತ್ತಂದ್ರ ಸ್ವಲ್ಪ ಸ್ವಲ್ಪ ಕ್ಲೋರಿನ್ ಹಾಕೋದ್ರಿಂದ ಉಪಯೋಗ ಇಲ್ಲ, ಒಮ್ಮೆಲೆ ದೊಡ್ಡ ಡೋಸ್ ಹಾಕಿ ಆ ಕ್ಲೋರಮೈನ್ ಒಡೀಬೇಕು, ಅದಕ್ಕ ಶಾಕ್ ಅಂತಾರ. ರೂಢಿಯ ಲೆಕ್ಕ ಏನಂದ್ರ ಕಂಬೈನ್ಡ್ ಎಷ್ಟೈತೋ ಅದ್ರ ಹತ್ತಪಟ್ಟು.

ಹಾಕಿದ ಕ್ಲೋರಿನ್ನಿಗೂ ಟೆಸ್ಟಿನ್ಯಾಗ ಕಾಣಿಸೋದಕ್ಕೂ ಫರಕ್ ಬಂದ್ರ ಗಾಬರಿ ಬ್ಯಾಡ. ಲೆಕ್ಕದ ಪ್ರಕಾರ 2 ಏರಬೇಕಿತ್ತು, ಏರಿದ್ದು 1.2 ಅಂದ್ರ ಉಳಿದ 0.8 ನೀರಿನ್ಯಾಗಿನ ಹೊಲಸು ತಿಂದೈತಿ. ಗದಗಿನ ಗಾಳಿ ಹೊತ್ತು ತರೋ ಧೂಳು, ಬೇವಿನ ಎಲಿ, ಮೊದಲ ಮಳಿ, ಇವೆಲ್ಲಾ ಇದ್ರಾಗ ಬರ್ತಾವು.

ಟೆಸ್ಟ್ ಕಿಟ್: ಹಳದಿ ಮತ್ತ ಗುಲಾಬಿ

ಅಗ್ಗದ ಕಿಟ್‌ನ್ಯಾಗ ಬರೋ ಹನಿ ಹಾಕಿದ್ರ ನೀರು ಹಳದಿ ಆಗ್ತೈತಿ, ಅದಕ್ಕ ಓಟಿಓ ಅಂತಾರ. ಅದು ತೋರಿಸೋದು ಟೋಟಲ್. ಅಂದ್ರ ಹೊಲದಾಗ ಎಷ್ಟ್ ಮಂದಿ ಅದಾರ ಅಂತ ಹೇಳ್ತೈತಿ, ಖಾಲಿ ಕೈಯವರು ಎಷ್ಟ್ ಅಂತ ಹೇಳೂದಿಲ್ಲ. ಕಾಕಾ ಹತ್ರ ಇದ್ದದ್ದು ಇದೇ, ಹಳದಿ ಬಂತು, ಸಾಕು ಅಂತ ಬಿಡ್ತಿದ್ರು. ಡಿಪಿಡಿ ಅನ್ನೋ ಮಾತ್ರಿ ಇಲ್ಲಾ ಪುಡಿಯ ಕಿಟ್‌ನ್ಯಾಗ ನೀರು ಗುಲಾಬಿ ಆಗ್ತೈತಿ. ಒಂದನೇ ನಂಬರ್ ಮಾತ್ರಿ ಫ್ರೀ ತೋರಿಸ್ತೈತಿ, ಅದ್ರ ಮ್ಯಾಲ ಮೂರನೇ ನಂಬರ್ ಹಾಕಿದ್ರ ಟೋಟಲ್. ಸ್ವಲ್ಪ ತುಟ್ಟಿ, ಆದ್ರ ಕೊಳ್ಳೋದಾದ್ರ ಇದನ್ನೇ ಕೊಳ್ರಿ ಅಂತ ನನ್ನ ಮಾತು.

ಇದ್ರಾಗೂ ಒಂದ್ ಮೋಸ ಐತಿ. ಕ್ಲೋರಿನ್ ಭಾಳೇ ಜಾಸ್ತಿ ಇದ್ರ ಆ ಗುಲಾಬಿ ಬಣ್ಣನ್ನ ಕ್ಲೋರಿನ್ನೇ ತೊಳದು ಹಾಕ್ತೈತಿ, ನೀರು ಬಣ್ಣನೇ ಇಲ್ಲದಂಗ ಕಾಣ್ತೈತಿ, ನಾವು ಸೊನ್ನಿ ಐತಿ ಅಂತ ಇನ್ನಷ್ಟು ಸುರೀತೀವಿ. ಮಾತ್ರಿ ಬಿದ್ದ ಕೂಡಲೇ ಒಂದ್ ಕ್ಷಣ ಗುಲಾಬಿ ಮಿಂಚಿ ಮಾಯ ಆತಂದ್ರ ಅನುಮಾನ ಪಡ್ರಿ. ಪೂಲಿನ ನೀರು ಒಂದ್ ಪಾಲು, ಆರ್‌ಓ ನೀರು ನಾಕ ಪಾಲು ಕೂಡಿಸಿ ಮತ್ತ ಟೆಸ್ಟ್ ಮಾಡಿ ಬಂದ ಅಂಕಿ ಐದರಿಂದ ಗುಣಿಸ್ರಿ.

ನೀರು ತೊಗೊಳ್ಳುವಾಗ ಮ್ಯಾಲಿನ ಪದರದ್ದು ಬ್ಯಾಡ, ಮೊಣಕೈ ಮುಳುಗೋ ಅಷ್ಟು ಆಳದಿಂದ, ಪಂಪಿನ ನೀರು ಬೀಳೋ ಬಾಯಿಂದ ದೂರ ತೊಗೋರಿ. ಬಣ್ಣ ಹೋಲಿಸುವಾಗ ಹಿಂದ ಬಿಳೇ ಹಾಳಿ ಇರ್ಲಿ. ಟೆಸ್ಟ್ ಮಾಡಿದ ನೀರು ಮತ್ತ ಪೂಲಿಗೆ ಚೆಲ್ಲಬ್ಯಾಡ್ರಿ, ಓಟಿಓ ವಿಷದ ವಸ್ತು, ಮಕ್ಕಳ ಕೈಗೂ ಕೊಡಬ್ಯಾಡ್ರಿ.

ಪಿಎಚ್ ಸರಿ ಇಲ್ಲಾಂದ್ರ ಅಳತಿ ಸುಳ್ಳಾಗ್ತೈತಿ

ನೀರು ಹುಳಿ ಕಡೆ ಐತೋ, ಸುಣ್ಣದ ಕಡೆ ಐತೋ ಅಂತ ಹೇಳೋ ಅಂಕಿ ಪಿಎಚ್. 7 ನಡುವಿಂದು, ಕೆಳಗ ಹೋದ್ರ ಹುಳಿ, ಮ್ಯಾಲ ಹೋದ್ರ ಸುಣ್ಣ. ಕ್ಲೋರಿನ್ನಿಗೆ ಇದು ಯಾಕ ಬೇಕಂದ್ರ, ನೀರಿನ್ಯಾಗಿನ ಫ್ರೀ ಕ್ಲೋರಿನ್ ಎರಡು ರೂಪದಾಗ ಇರ್ತೈತಿ. ಒಂದು ಹೈಪೋಕ್ಲೋರಸ್ ಆಸಿಡ್, ಚುರುಕು. ಇನ್ನೊಂದು ಹೈಪೋಕ್ಲೋರೈಟ್, ಭಾಳ ಮಂದ. ಪಿಎಚ್ 7.2 ಇದ್ರ ಮೂರನಾಗ ಎರಡ್ ಪಾಲು ಚುರುಕು ರೂಪದಾಗ ಇರ್ತೈತಿ, 7.5ಕ್ಕ ಅರ್ಧ, 7.8ಕ್ಕ ಮೂರನಾಗ ಒಂದ್ ಪಾಲು, 8ಕ್ಕ ಬರೇ ಕಾಲ್ ಭಾಗ. ಟೆಸ್ಟ್ ಕಿಟ್ ಎರಡನ್ನೂ ಕೂಡಿಸಿ 2 ಪಿಪಿಎಂ ಅಂತ ತೋರಿಸ್ತೈತಿ, ನಾವು ಖುಷಿ ಪಡ್ತೀವಿ, ಆದ್ರ ಪಿಎಚ್ 8 ಇದ್ರ ಕೆಲಸ ಮಾಡೋದು ಅರ್ಧ ಪಿಪಿಎಂ ಅಷ್ಟೇ.

ನಮ್ಮ ಕಡೆ ಪೂಲ್ ತುಂಬಿಸೋದು ಹೆಚ್ಚಾಗಿ ಬೋರಿನ ನೀರು, ಗಡಸು ನೀರು. ಅದ್ರ ಮ್ಯಾಲ ಬ್ಲೀಚಿಂಗ್ ಪೌಡರು, ಲಿಕ್ವಿಡ್ಡು ಎರಡೂ ಸುಣ್ಣದ ಕಡೆ ಜಗ್ಗೋವು. ಅಕ್ಕನ ಪೂಲಿನ್ಯಾಗ ಅವತ್ತ ಪಿಎಚ್ 8.2 ಇತ್ತು. 7.2ರಿಂದ 7.8ರ ಒಳಗ ಇರ್ಬೇಕು. ಮೊದಲ ಪಿಎಚ್ ಇಳಿಸಿ ಆಮ್ಯಾಲ ಕ್ಲೋರಿನ್ ಹಾಕಿದ್ರ ಅದೇ ಪುಡಿ ಎರಡುಪಟ್ಟು ಕೆಲಸ ಮಾಡ್ತೈತಿ, ರೊಕ್ಕನೂ ಉಳೀತೈತಿ. ಇಳಸಾಕ ಪೂಲಿನ ಡ್ರೈ ಆಸಿಡ್ ಸಿಗ್ತೈತಿ, ಸ್ವಲ್ಪ ಸ್ವಲ್ಪ ಹಾಕಿ ನಾಕ ತಾಸು ಪಂಪ್ ತಿರುಗಿಸಿ ಮತ್ತ ನೋಡ್ರಿ.

ಬಿಸಲು ತಿನ್ನೋ ಕ್ಲೋರಿನ್

ಬಯಲಾಗಿನ ಪೂಲಿಗೆ ಬ್ಲೀಚಿಂಗ್ ಪೌಡರ್ ಒಂದೇ ಹಾಕಿದ್ರ ಮಧ್ಯಾಹ್ನದ ಬಿಸಲಿಗೆ ಎರಡ್ ತಾಸಿನ್ಯಾಗ ಮುಕ್ಕಾಲು ಪಾಲು ಹೋಗಿಬಿಡ್ತೈತಿ. ಮುಂಜಾನಿ ಹತ್ತಕ್ಕ ಹಾಕಿ ಮಧ್ಯಾಹ್ನ ಮಕ್ಕಳನ್ನ ಇಳಿಸಿದ್ರ ಆ ನೀರಿನ್ಯಾಗ ಕಾವಲಿಗೆ ಯಾರೂ ಇಲ್ಲದಂಗ. ಇದನ್ನ ತಡಿಯಾಕ ಸೈನ್ಯೂರಿಕ್ ಆಸಿಡ್ ಅನ್ನೋ ಪುಡಿ ಹಾಕ್ತಾರ, ಅಂಗಡ್ಯಾಗ ಸ್ಟೆಬಿಲೈಸರ್ ಅಂದ್ರ ಕೊಡ್ತಾರ. ಮತ್ತ ಆ ಹೊಲದ ಆಳಿಗೇ ಬರ್ರಿ, ಬಿಸಲಿಗೆ ತಲಿಗೆ ಟಾವೆಲ್ ಸುತ್ಕೊಂಡ್ರ ಇಡೀ ದಿನ ತಡಕೊಂತಾನ. ಆದ್ರ ಟಾವೆಲ್ ಮ್ಯಾಲ ಟಾವೆಲ್ ಸುತ್ತಿ ಕಣ್ಣು ಕೈ ಎಲ್ಲಾ ಮುಚ್ಚಿದ್ರ ಕಸ ಹೆಂಗ ತಗೀತಾನ? 30ರಿಂದ 50 ಪಿಪಿಎಂ ಇದ್ರ ಚಲೋ, 100 ದಾಟಿದ್ರ ಕ್ಲೋರಿನ್ ಇದ್ದೂ ಮಂದ ಆಗ್ತೈತಿ. ಅಕ್ಕನ ಪೂಲಿಗೆ 30 ಪಿಪಿಎಂ ಅಂದ್ರ 32.6 × 30, ಹತ್ತಹತ್ರ ಒಂದ್ ಕಿಲೋ.

ಟಿಸಿಸಿಎ ಮಾತ್ರಿ ಮತ್ತ ಎಸ್‌ಡಿಐಸಿ ಹರಳಿನ್ಯಾಗ ಈ ಸೈನ್ಯೂರಿಕ್ ಆಸಿಡ್ ಒಳಗೇ ಇರ್ತೈತಿ, ಇದು ಭಾಳ ಮಂದಿಗೆ ಗೊತ್ತಿಲ್ಲ. ಟಿಸಿಸಿಎಯಿಂದ 1 ಪಿಪಿಎಂ ಕ್ಲೋರಿನ್ ಹಾಕಿದ್ರ ಜೊತಿಗೆ 0.6 ಪಿಪಿಎಂ ಸೈನ್ಯೂರಿಕ್ ಆಸಿಡ್ ಸೇರ್ತೈತಿ. ದಿನಾ 2 ಪಿಪಿಎಂ ಹಾಕ್ಕೋತ ಹೋದ್ರ ತಿಂಗಳಿಗೆ 36, ಮೂರು ತಿಂಗಳಿಗೆ 100 ದಾಟ್ತು. ಕ್ಲೋರಿನ್ ಖರ್ಚಾಗ್ತೈತಿ, ಇದು ಖರ್ಚಾಗೂದಿಲ್ಲ, ನೀರು ಆವಿ ಆಗಿ ಹೋದ್ರೂ ಇದು ಅಲ್ಲೇ ಉಳೀತೈತಿ. ಇಳಿಸಬೇಕಂದ್ರ ಒಂದಿಷ್ಟು ನೀರು ಹೊರಗ ಚೆಲ್ಲಿ ಹೊಸಾದು ತುಂಬೋದೇ ಹಾದಿ. ನೀರಿನ ಬರ ಇರೋ ನಮ್ಮ ಊರಾಗ ಅದು ಮನಸಿಗೆ ಭಾಳ ಕಷ್ಟದ ಕೆಲಸ, ಅದಕ್ಕ ಮಾತ್ರಿ ಬಳಸೋರು ತಿಂಗಳಿಗೊಮ್ಮೆ ಇದನ್ನೂ ಅಳೀರಿ.

ಹಾಕೋ ರೀತಿ, ಮತ್ತ ಜೀವದ ಪ್ರಶ್ನೆ

ಹೊತ್ತು ಮುಳುಗಿದ ಮ್ಯಾಲ, ಪೂಲಿನ್ಯಾಗ ಯಾರೂ ಇಲ್ಲದಾಗ, ಪಂಪ್ ಚಾಲೂ ಮಾಡಿ ಹಾಕ್ರಿ. ಪ್ಲಾಸ್ಟಿಕ್ ಬಕೀಟಿನ್ಯಾಗ ಮೊದಲ ನೀರು, ಆಮ್ಯಾಲ ಪುಡಿ. ಪುಡಿ ಮ್ಯಾಲ ನೀರು ಯಾವತ್ತೂ ಸುರೀಬ್ಯಾಡ್ರಿ, ಕಾವು ಎದ್ದು ಮಾರಿಗೆ ಸಿಡಿತೈತಿ. ಬ್ಲೀಚಿಂಗ್ ಪೌಡರ್ ಆದ್ರ ಕಲಸಿ ಅರ್ಧ ತಾಸು ಬಿಟ್ಟು ಮ್ಯಾಲಿನ ತಿಳಿ ಅಷ್ಟೇ ಪೂಲಿನ ಸುತ್ತ ಸುರೀರಿ, ತಳದ ಸುಣ್ಣ ಹೋಗಬಾರ್ದು. ಟಿಸಿಸಿಎ ಮಾತ್ರಿ ಮಾತ್ರ ಹಿಂಗ ಕರಗಿಸೋದಲ್ಲ, ತೇಲೋ ಡಬ್ಬಿನ್ಯಾಗ ಇಟ್ಟು ಬಿಡೋದು.

ಒಂದ್ ತಾಸಿನ ಮ್ಯಾಲ ಒಮ್ಮೆ ಅಳೀರಿ, ಮರುದಿನ ಹೊತ್ತು ಮೂಡೋಕಿಂತ ಮೊದಲ ಮತ್ತೊಮ್ಮೆ. ರಾತ್ರಿ ಬಿಸಲಿಲ್ಲ, ಮಂದಿ ಇಲ್ಲ, ಆದ್ರೂ 1 ಪಿಪಿಎಂಗಿಂತ ಜಾಸ್ತಿ ಇಳಿದಿತ್ತಂದ್ರ ನೀರಿನ್ಯಾಗ ಇನ್ನೂ ಪಾಚಿ ಇಲ್ಲಾ ಹೊಲಸು ಉಳದೈತಿ.

ಇದನ್ನ ಕೈ ಮುಗದು ಹೇಳ್ತೀನಿ: ಎರಡು ಥರದ ಕ್ಲೋರಿನ್ ಕೂಡಿಸಬ್ಯಾಡ್ರಿ, ಒಂದೇ ಚಮಚ, ಒಂದೇ ಡಬ್ಬಿ ಸೈತ ಬಳಸಬ್ಯಾಡ್ರಿ. ಟಿಸಿಸಿಎಯನ್ನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇಲ್ಲಾ ಬ್ಲೀಚಿಂಗ್ ಪೌಡರ್ ಜೊತಿ ಕೂಡಿಸಿದ್ರ ಬೆಂಕಿ ಹತ್ತಿ ಸಿಡಿಯೋ ಭಯ ಐತಿ. ಆಸಿಡ್ ಮತ್ತ ಕ್ಲೋರಿನ್ ಕೂಡಿದ್ರ ವಿಷಗಾಳಿ ಏಳ್ತೈತಿ, ಎರಡೂ ಬ್ಯಾರೆ ಬ್ಯಾರೆ ಕಡೆ ಇಡ್ರಿ, ಹಾಕುವಾಗಲೂ ನಡುವ ತಾಸುಗಟ್ಟಲೆ ಬಿಡ್ರಿ. ಪುಡಿ ಇಡೋ ಕೋಲಿ ಒಣಗಿರ್ಲಿ, ಗಾಳಿ ಆಡ್ಲಿ, ಡೀಸೆಲ್, ಪೆಟ್ರೋಲ್, ಗೊಬ್ಬರದ ಚೀಲ ಬಾಜುಕ ಇರಬಾರ್ದು. ತೋಟದ ಮನ್ಯಾಗ ಎಲ್ಲಾ ಒಂದೇ ಶೆಡ್ಡಿಗೆ ತುರಕೋ ರೂಢಿ ಐತಿ, ಅದೇ ನನಗ ದೊಡ್ಡ ಚಿಂತಿ.

ಮಕ್ಕಳ ಗಾಳಿ ತುಂಬೋ ಪೂಲು ಮತ್ತ ಮನಿ ಸಂಪು

ಅಂಗಳದಾಗಿನ ಗಾಳಿ ತುಂಬೋ ಸಣ್ಣ ಪೂಲಿಗೆ ಈ ಲೆಕ್ಕ ಬ್ಯಾಡ. 800 ಲೀಟರಿಗೆ 2 ಪಿಪಿಎಂ ಅಂದ್ರ ಬ್ಲೀಚಿಂಗ್ ಪೌಡರ್ 5 ಗ್ರಾಂ, ಕೈ ಸ್ವಲ್ಪ ಜಾರಿದ್ರ ಮೂರುಪಟ್ಟು, ಫಿಲ್ಟರೂ ಇಲ್ಲ. ದಿನಾ ಸಂಜಿಗೆ ಖಾಲಿ ಮಾಡಿ ಒಣಗಿಸೋದೇ ಸರಿ. ವಾರಕ್ಕೊಮ್ಮೆ ನಳ ಬರೋ ಓಣ್ಯಾಗ ಅಷ್ಟು ನೀರು ಚೆಲ್ಲಾಕ ಜೀವ ಒಪ್ಪೂದಿಲ್ಲ, ಗಿಡಕ್ಕ ಹಾಕ್ರಿ, ಅಂಗಳ ತೊಳೀರಿ, ಕಡಿಮಿ ನೀರು ತುಂಬ್ರಿ.

ಸಂಪಿನ ಲೆಕ್ಕ ಇದೇ ಸೂತ್ರ, ಅಂಕಿ ಬ್ಯಾರೆ. ಕುಡಿಯೋ ನೀರಿನ್ಯಾಗ ಫ್ರೀ ಕ್ಲೋರಿನ್ ಕಡಿಮಿ ಅಂದ್ರ 0.2 ಪಿಪಿಎಂ ಉಳೀಬೇಕು ಅಂತ ನಮ್ಮ ದೇಶದ ಮಾನದಂಡ. 5000 ಲೀಟರ್ ಸಂಪಿಗೆ 1 ಪಿಪಿಎಂ ಹಾಕಾಕ 30 ಪರ್ಸೆಂಟ್ ಬ್ಲೀಚಿಂಗ್ ಪೌಡರ್ 17 ಗ್ರಾಂ ಸಾಕು, ತಿಳಿ ಅಷ್ಟೇ ಹಾಕಿ ಅರ್ಧ ತಾಸು ಬಿಡ್ರಿ. ಪೂಲಿನ ಟಿಸಿಸಿಎ ಮಾತ್ರಿ ಕುಡಿಯೋ ನೀರಿಗೆ ಹಾಕಲೇಬಾರ್ದು.

ಅಕ್ಕನ ಪೂಲಿಗೆ ಏನ್ ಮಾಡಿದ್ವಿ

ಹಸರ ನೀರು ನೋಡಿದ ದಿನ ಫ್ರೀ 0.2, ಟೋಟಲ್ 1.2 ಬಂತು. ಕಂಬೈನ್ಡ್ 1. ಮೊದಲ ಆಸಿಡ್ ಹಾಕಿ ಪಿಎಚ್ 8.2ರಿಂದ 7.4ಕ್ಕ ತಂದ್ವಿ, ಅದಕ್ಕೇ ಒಂದ್ ದಿನ ಹೋತು. ಗ್ವಾಡಿ, ಮೆಟ್ಟಲು ಬ್ರಷ್ ಹಚ್ಚಿ ತಿಕ್ಕಿದ್ವಿ. ಮರುದಿನ ಸಂಜಿಗೆ ಹತ್ತಪಟ್ಟಿನ ಲೆಕ್ಕ, 10 ಪಿಪಿಎಂ, ಅಂದ್ರ 326 ಗ್ರಾಂ ಶುದ್ಧ ಕ್ಲೋರಿನ್, 65ರ ಹರಳಿನ್ಯಾಗ 500 ಗ್ರಾಂ. ಕಾಕಾನೇ ತೂಕ ಮಾಡಿದ್ರು, 498ಕ್ಕ ನಿಂತಾಗ ಚಮಚದ ತುದಿಯಿಂದ ಇನ್ನೆರಡು ಗ್ರಾಂ ಹಾಕಿದ್ರು. ರಾತ್ರಿಯೆಲ್ಲ ಪಂಪ್ ತಿರುಗಿತು. ಮುಂಜಾನಿ ಹಸರು ಹೋಗಿ ನೀರು ಹಾಲು ಕೂಡಿಸಿದಂಗ ಮಬ್ಬಾಗಿತ್ತು, ಕಂಬೈನ್ಡ್ ಇನ್ನೂ 0.6 ಇತ್ತು. ಆ ಸಂಜಿಗೆ ಮತ್ತ 6 ಪಿಪಿಎಂ, 300 ಗ್ರಾಂ. ಮೂರನೇ ಮುಂಜಾನಿ ಕಂಬೈನ್ಡ್ 0.2, ಫ್ರೀ 4.5, ತಳದಾಗಿನ ಟೈಲ್ಸಿನ ಗೆರಿ ಎಣಿಸೋ ಹಂಗ ಕಾಣಾಕತ್ತು, ವಾಸನಿ ಇಲ್ಲ. 4ಕ್ಕಿಂತ ಕೆಳಗ ಇಳಿಯೋ ತನಕ ಹುಡುಗ್ರನ್ನ ದಂಡಿ ಮ್ಯಾಲೇ ಕುಂದ್ರಸಿದ್ವಿ.

ಈಗ ಪಂಪಿನ ಕೋಲಿ ಬಾಗಲಿಗೆ ಒಂದ್ ಹಾಳಿ ಅಂಟಿಸೀವಿ. ದಿನಾಂಕ, ಫ್ರೀ, ಟೋಟಲ್, ಪಿಎಚ್, ಹಾಕಿದ ಗ್ರಾಂ, ಐದು ಖಾನೆ. ತುಂಬೋರು ಕಾಕಾ. ನೀರಿಗೆ ಇಳಿಯೋಕಿಂತ ಮೊದಲ ಎಲ್ಲರೂ ಮೈ ತೊಳಕೋಬೇಕು ಅಂತ ಅದ್ರ ಕೆಳಗ ಅಕ್ಕ ದಪ್ಪ ಅಕ್ಷರದಾಗ ಬರದಾಳ.